ಅನಿಲವನ್ನು ಕೊಳ್ಳುವ ಕೈ

ಯುಗಾದಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ನಮ್ಮ ಪಟ್ಟಣಗಳಲ್ಲಿ ಒಂದು ಮಾತು ಮನೆಯಿಂದ ಮನೆಗೆ ಹಬ್ಬುತ್ತದೆ: “ಏಸಿಯ ಗ್ಯಾಸ್ ಮುಗಿದಿದೆ, ತುಂಬಿಸಬೇಕು.” ಅಡುಗೆಮನೆಯ ಸಿಲಿಂಡರು ಮುಗಿಯುವಂತೆ, ದೀಪದ ಎಣ್ಣೆ ತೀರುವಂತೆ, ಇದೂ ತೀರುವ ಪದಾರ್ಥವೆಂಬ ನಂಬಿಕೆ ಈ ಮಾತಿನ ಹಿಂದೆ ಅಡಗಿದೆ. ಯಾರನ್ನೋ ಕರೆಯುತ್ತೇವೆ, ಆತ ಬಂದು ಸಿಲಿಂಡರಿನಿಂದ ಒಂದಿಷ್ಟು ಅನಿಲವನ್ನು ಯಂತ್ರಕ್ಕೆ ಹಾಯಿಸಿ ಹಣ ಪಡೆದು ಹೋಗುತ್ತಾನೆ, ಕೋಣೆ ತಣ್ಣಗಾಗುತ್ತದೆ. ಮುಂದಿನ ಯುಗಾದಿಗೆ ಅದೇ ಮಾತು, ಅದೇ ಮನುಷ್ಯ, ಅದೇ ಖರ್ಚು. ಈ ವ್ಯವಹಾರವನ್ನು ನಾವು ಹಬ್ಬದ ಖರ್ಚಿನ ಹಾಗೆ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆ ಸರಿಯಲ್ಲವೆಂದೂ, ಈ ಅನಿಲವನ್ನು ಅಂಗಡಿಯಲ್ಲಿ ಯಾರು ಕೊಳ್ಳಬಹುದು ಎಂಬ ವಿಷಯದಲ್ಲಿ ಸರಕಾರ ಕೈಹಾಕುವುದು ನ್ಯಾಯವೆಂದೂ, ಆದರೆ ಕೈಹಾಕುವ ರೀತಿಯಲ್ಲಿ ಬಹಳ ಎಚ್ಚರ ಬೇಕೆಂದೂ ವಾಚಕರ ಮುಂದೆ ನಿವೇದಿಸಿಕೊಳ್ಳುವುದು ನನ್ನ ಉದ್ದೇಶ.

ಮೊದಲು ಮೂಲ ಸಂಗತಿಯನ್ನು ನೋಡೋಣ. ಶೀತಕ ಅನಿಲ ಸೌದೆಯಲ್ಲ, ಸೀಮೆಎಣ್ಣೆಯೂ ಅಲ್ಲ. ಯಂತ್ರ ಅದನ್ನು ಉರಿಸಿ ಮುಗಿಸುವುದಿಲ್ಲ. ತಾಮ್ರದ ಕೊಳವೆಗಳೊಳಗೆ ಅದು ಸುತ್ತುತ್ತಲೇ ಇರುತ್ತದೆ. ಕೋಣೆಯ ಒಳಗಿನ ಭಾಗದಲ್ಲಿ ದ್ರವ ಆವಿಯಾಗುವಾಗ ಅಲ್ಲಿಯ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಪೆಟ್ಟಿಗೆಗೆ ದೂಡುತ್ತದೆ. ಅಲ್ಲಿ ಅದು ಶಾಖವನ್ನು ಬೀದಿಯ ಗಾಳಿಗೆ ಒಪ್ಪಿಸಿ ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಗಾಣದ ಎತ್ತಿನಂತೆ ಅದೇ ದಾರಿ, ಅದೇ ಸುತ್ತು. ಜೋಡಣೆ ಸರಿಯಾಗಿದ್ದರೆ ಯಂತ್ರದ ಆಯುಷ್ಯವೆಲ್ಲ ಆ ಮೊದಲ ತುಂಬಿಕೆಯಲ್ಲೇ ನಡೆದುಹೋಗಬೇಕು. ಅನಿಲ ಕಡಿಮೆಯಾಗಿದೆ ಎಂದರೆ ಅದಕ್ಕೆ ಅರ್ಥ ಒಂದೇ: ಎಲ್ಲಿಯೋ ಸೋರಿದೆ. ಸೋರುವ ತಾಣವನ್ನು ಹುಡುಕಿ ಮುಚ್ಚದೆ ಮತ್ತೆ ತುಂಬಿಸುವುದು ತಳ ಒಡೆದ ಕೊಡಕ್ಕೆ ನೀರು ಹೊಯ್ಯುವ ಕೆಲಸ. ನೀರಾದರೆ ನೆಲಕ್ಕೆ ಇಳಿದು ಯಾವುದಾದರೂ ಗಿಡಕ್ಕೆ ಆದೀತು. ಇದು ಆಕಾಶಕ್ಕೆ ಏರುತ್ತದೆ.

ಏರಿದ್ದು ಅಲ್ಲಿ ಏನು ಮಾಡುತ್ತದೆಂಬ ಕಥೆ ಸುಮಾರು ಒಂದು ಶತಮಾನದಷ್ಟು ಉದ್ದವಾದದ್ದು. 1930ರಲ್ಲಿ ಥಾಮಸ್ ಮಿಡ್ಜ್ಲಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ತುಂಬಿದ ಸಭೆಯಲ್ಲಿ ತಾನು ಹೊಸದಾಗಿ ಸಿದ್ಧಪಡಿಸಿದ ಅನಿಲವನ್ನು ಉಸಿರಿನಲ್ಲಿ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿದ. ಇದು ವಿಷವಲ್ಲ, ಬೆಂಕಿ ಹತ್ತುವುದಿಲ್ಲ ಎಂಬೆರಡನ್ನೂ ಒಂದೇ ಉಸಿರಿನಲ್ಲಿ ತೋರಿಸಿದ ಜಾಣತನ ಅದು. ಅದಕ್ಕೆ ಹಿಂದೆ ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡುಗಳಂಥ ವಿಷಗಳನ್ನು ಮನೆಯೊಳಗೆ ಇಟ್ಟುಕೊಂಡು ಹೆದರುತ್ತಿದ್ದ ಜನಕ್ಕೆ ಈ ಸಿ.ಎಫ್.ಸಿ. ವರದಂತೆ ಕಂಡಿತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬಿಬ್ಬರು ವಿಜ್ಞಾನಿಗಳು, ಕೆಳಗೆ ಯಾರಿಗೂ ಕೆಡುಕು ಮಾಡದ ಈ ಅನಿಲ ಮೇಲೇರಿ ಓಝೋನ್ ಪದರವನ್ನು ತಿನ್ನಬಲ್ಲದೆಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಆ ಪದರ ವಸಂತಕಾಲದಲ್ಲಿ ತೀರ ತೆಳುವಾಗುತ್ತಿದೆಯೆಂಬ ಸುದ್ದಿ ಹೊರಬಿದ್ದಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು. ಭಾರತ 1992ರಲ್ಲಿ ಅದರೊಳಗೆ ಸೇರಿತು.

ಸಿ.ಎಫ್.ಸಿ. ಹೋಗಿ ಅದರ ಸ್ಥಾನದಲ್ಲಿ ಎಚ್.ಸಿ.ಎಫ್.ಸಿ. ಬಂತು, ನಮ್ಮ ಹಳೆಯ ಏಸಿಗಳಲ್ಲಿರುವ ಆರ್-22 ಆ ಕುಲದ್ದು. ಅದೂ ಓಝೋನಿಗೆ ಸ್ವಲ್ಪಮಟ್ಟಿನ ಶತ್ರುವೇ ಆದ್ದರಿಂದ ಅದನ್ನು 2030ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಬೇಕೆಂಬ ಕರಾರಿದೆ. ಅದರ ಬದಲಿಗೆ ಬಂದದ್ದು ಎಚ್.ಎಫ್.ಸಿ. ಇದು ಓಝೋನಿನ ತಂಟೆಗೆ ಹೋಗುವುದಿಲ್ಲ, ಆದರೆ ಭೂಮಿಗೆ ಕಂಬಳಿ ಹೊದೆಸುತ್ತದೆ. ಇಂಗಾಲದ ಡೈಆಕ್ಸೈಡಿನ ತಾಪಶಕ್ತಿಯನ್ನು ನೂರು ವರ್ಷಗಳ ಲೆಕ್ಕದಲ್ಲಿ 1 ಎಂದು ಹಿಡಿದರೆ, ಆರ್-22ರದು 1,810, ಆರ್-410ಎ ಎಂಬ ಮಿಶ್ರಣದ್ದು 2,088, ಈಗ ಹೆಚ್ಚಾಗಿ ಬರುತ್ತಿರುವ ಆರ್-32ರದು 675. ಈ ಅಂಕಿಗಳನ್ನು ಮನೆಯ ಲೆಕ್ಕಕ್ಕೆ ಇಳಿಸಿದರೆ, ಆರ್-410ಎ ತುಂಬಿದ ಯಂತ್ರವೊಂದರಿಂದ ಒಂದು ಕಿಲೋ ಅನಿಲ ಸೋರಿಹೋದರೆ ಸುಮಾರು ಎರಡು ಟನ್ನು ಇಂಗಾಲದ ಡೈಆಕ್ಸೈಡನ್ನು ಆಕಾಶಕ್ಕೆ ಕಳುಹಿಸಿದಂತೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಕಾಣದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವವರಲ್ಲ.

2016ರ ಅಕ್ಟೋಬರಿನಲ್ಲಿ ರವಾಂಡದ ಕಿಗಾಲಿ ನಗರದಲ್ಲಿ ರಾಷ್ಟ್ರಗಳೆಲ್ಲ ಕೂಡಿ ಈ ಎಚ್.ಎಫ್.ಸಿ.ಗಳನ್ನೂ ಹಂತಹಂತವಾಗಿ ಇಳಿಸಬೇಕೆಂದು ನಿಶ್ಚಯಿಸಿದವು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು. ನಮ್ಮ ಪಾಲಿನ ಲೆಕ್ಕ ಹೀಗಿದೆ: 2028ರಲ್ಲಿ ಏರಿಕೆ ನಿಲ್ಲಬೇಕು, 2032ರಲ್ಲಿ ನೂರಕ್ಕೆ 10, 2037ರಲ್ಲಿ 20, 2042ರಲ್ಲಿ 30, 2047ರಲ್ಲಿ 85ರಷ್ಟು ಇಳಿಯಬೇಕು. 2047 ಎಂದರೆ ಸ್ವಾತಂತ್ರ್ಯದ ನೂರನೆಯ ವರ್ಷ. ಈ ಅಂಕಿಗಳನ್ನು ಒಪ್ಪಿಕೊಂಡವರು ದೆಹಲಿಯಲ್ಲಿದ್ದಾರೆ. ನಡೆಸಿಕೊಡಬೇಕಾದವನು ಮಾತ್ರ ಬೇಸಗೆಯ ಮಧ್ಯಾಹ್ನ ಮೂರನೆಯ ಮಹಡಿಯ ಸಜ್ಜದ ಮೇಲೆ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಸ್ಪ್ಯಾನರು ಹಿಡಿದು ಕುಳಿತಿರುವ ಹುಡುಗ.

ಸರಕಾರಕ್ಕೆ ಇಲ್ಲಿ ಎರಡು ದಾರಿಗಳಿವೆ. ಒಂದು, ಮೇಲಿನಿಂದ ಅಳೆಯುವುದು: ಇಷ್ಟೇ ತಯಾರಾಗಬೇಕು, ಇಷ್ಟೇ ಆಮದಾಗಬೇಕು ಎಂದು ಮಿತಿ ಹಾಕುವುದು. ಇನ್ನೊಂದು, ಕೆಳಗಿನಿಂದ ಕೇಳುವುದು: ಅಂಗಡಿಯ ಗಲ್ಲದ ಮುಂದೆ ನಿಂತು ಅನಿಲ ಬೇಡುವವನನ್ನು, “ನಿನಗೆ ಈ ಕೆಲಸ ಗೊತ್ತೆ?” ಎಂದು ಪ್ರಶ್ನಿಸುವುದು. ಮೊದಲನೆಯದು ಪರಿಮಾಣದ ನಿಯಂತ್ರಣ, ಎರಡನೆಯದು ಕೈಯ ನಿಯಂತ್ರಣ. ಮೊದಲನೆಯದರ ಮೇಲೆ ಮಾತ್ರ ಭಾರ ಹಾಕಿದರೆ ಏನಾಗುತ್ತದೆಂಬುದಕ್ಕೆ ಬೇರೆ ದೇಶಗಳ ಅನುಭವ ಕಣ್ಣ ಮುಂದೆ ಇದೆ.

1990ರ ದಶಕದಲ್ಲಿ ಅಮೆರಿಕದಲ್ಲಿ ಸಿ.ಎಫ್.ಸಿ. ತಯಾರಿಕೆಯನ್ನು ಇಳಿಸಿ ಮೇಲೆ ತೆರಿಗೆಯನ್ನೂ ಹೇರಿದಾಗ, ಕಳ್ಳಮಾಲು ಹಡಗು ಹಡಗಾಗಿ ಮಯಾಮಿ ಬಂದರಿಗೆ ಬಂದಿಳಿಯಿತು. ಕೊಕೇನಿನ ನಂತರ ಅಷ್ಟು ಲಾಭದ ಕಳ್ಳಸಾಗಣೆ ಇನ್ನೊಂದಿಲ್ಲವೆಂದು ಅಲ್ಲಿಯ ಅಧಿಕಾರಿಗಳೇ ಹೇಳುತ್ತಿದ್ದರು. ಯೂರೋಪಿನಲ್ಲಿ 2018ರಲ್ಲಿ ಎಚ್.ಎಫ್.ಸಿ.ಯ ಮಿತಿಯನ್ನು ಮೂಲದ ನೂರಕ್ಕೆ 63ಕ್ಕೆ ಇಳಿಸಿದಾಗಲೂ ಬೆಲೆ ಏರಿ, ಗಡಿಗಳಲ್ಲಿ ಅದೇ ಆಟ ಮರುಕಳಿಸಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬೇಡಿಕೆ ಇಳಿಯದೆ ಸರಬರಾಜು ಮಾತ್ರ ಇಳಿದರೆ ನಡುವಿನ ಕಂದರವನ್ನು ಕಳ್ಳರು ತುಂಬುತ್ತಾರೆ. ಬೇಡಿಕೆಯನ್ನು ಇಳಿಸುವ ಉಪಾಯವೋ, ಸೋರಿಕೆಯನ್ನು ನಿಲ್ಲಿಸುವುದು. ಸೋರಿಕೆಯನ್ನು ನಿಲ್ಲಿಸಬಲ್ಲದ್ದು ಕಲಿತ ಕೈ ಒಂದೇ.

ಈ ಎರಡನೆಯ ದಾರಿಯನ್ನು ಅಮೆರಿಕ ಬಹಳ ಹಿಂದೆಯೇ ಹಿಡಿಯಿತು. ಅನಿಲವನ್ನು ಬೇಕೆಂದೇ ಗಾಳಿಗೆ ಬಿಡುವುದು 1992ರ ಜುಲೈಯಿಂದ ಅಲ್ಲಿ ಅಪರಾಧವಾಯಿತು. 1994ರ ನವೆಂಬರಿನಿಂದ, ಪರೀಕ್ಷೆಯಲ್ಲಿ ತೇರ್ಗಡೆಯಾದ ಕುಶಲಕರ್ಮಿಗಳಿಗಲ್ಲದೆ ಓಝೋನ್ ತಿನ್ನುವ ಶೀತಕಗಳನ್ನು ಮಾರಕೂಡದೆಂಬ ನಿಯಮ ಬಂತು. 2018ರ ಜನವರಿಯಿಂದ ಅದೇ ನಿಯಮ ಎಚ್.ಎಫ್.ಸಿ.ಗಳಿಗೂ ಹಬ್ಬಿತು. ಪರೀಕ್ಷೆ ದೊಡ್ಡದೇನೂ ಅಲ್ಲ. ಸಣ್ಣ ಯಂತ್ರಗಳಿಗೆ ಒಂದು, ಹೆಚ್ಚು ಒತ್ತಡದವಕ್ಕೆ ಒಂದು, ಕಡಿಮೆ ಒತ್ತಡದವಕ್ಕೆ ಒಂದು. ಮೂರರಲ್ಲೂ ಗೆದ್ದವನಿಗೆ ಎಲ್ಲ ಕೆಲಸಕ್ಕೂ ಅಧಿಕಾರ. ಒಮ್ಮೆ ಪಡೆದ ಪ್ರಮಾಣಪತ್ರಕ್ಕೆ ಅವಧಿಯಿಲ್ಲ. ವರ್ಷವರ್ಷವೂ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ಯೂರೋಪಿನಲ್ಲಿಯೂ ಪ್ರಮಾಣಪತ್ರವಿಲ್ಲದವರಿಗೆ ಈ ಕೆಲಸಕ್ಕಾಗಿ ಅನಿಲ ಮಾರುವಂತಿಲ್ಲ. ಒಮ್ಮೆ ಬಳಸಿ ಎಸೆಯುವ ಸಿಲಿಂಡರುಗಳನ್ನು ಅಲ್ಲಿ 2007ರಲ್ಲಿಯೇ ನಿಷೇಧಿಸಿದರು. ಕಾರಿನ ಏಸಿಗೆ ಮನೆಯವರೇ ತುಂಬಿಕೊಳ್ಳುವ ಸಣ್ಣ ಡಬ್ಬಿಗಳನ್ನು ಕ್ಯಾಲಿಫೋರ್ನಿಯ ರಾಜ್ಯ ನಿಷೇಧಿಸಲಿಲ್ಲ. 2010ರಿಂದ ಡಬ್ಬಿಯೊಂದಕ್ಕೆ 10 ಡಾಲರು ಠೇವಣಿ ಇಡಿಸಿ, ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳವನ್ನು ಕಡ್ಡಾಯ ಮಾಡಿತು. ಸೋಡಾ ಬಾಟಲಿಗೆ ಠೇವಣಿ ಕೊಟ್ಟು ಬೆಳೆದ ನಮ್ಮವರಿಗೆ ಈ ಉಪಾಯ ಹೊಸದೆಂದು ತೋರಲಾರದು.

ನಮ್ಮಲ್ಲಿ ಶಾಸನವೇ ಇಲ್ಲವೆಂದು ಯಾರೂ ತಿಳಿಯಬಾರದು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2000ನೆಯ ಇಸವಿಯ ಜುಲೈಯಲ್ಲಿ ಓಝೋನ್ ತಿನ್ನುವ ವಸ್ತುಗಳನ್ನು ನಿಯಂತ್ರಿಸುವ ನಿಯಮಗಳು ಹೊರಬಂದವು. ತಯಾರಿಸುವವನು, ಮಾರುವವನು, ಆಮದು ಮಾಡುವವನು ನೋಂದಾಯಿಸಿಕೊಳ್ಳಬೇಕು. ಕೊಳ್ಳುವವನು ಯಾವ ಕೆಲಸಕ್ಕೆ ಕೊಳ್ಳುತ್ತಿದ್ದೇನೆಂದು ಬರೆದುಕೊಡಬೇಕು ಎಂಬುದೆಲ್ಲ ಅದರಲ್ಲಿದೆ. ಅದು ರಚಿತವಾದಾಗ ಪಟ್ಟಿಯಲ್ಲಿದ್ದದ್ದು ಓಝೋನಿನ ಶತ್ರುಗಳು ಮಾತ್ರ, ಎಚ್.ಎಫ್.ಸಿ.ಗಳನ್ನೂ ಒಳಗೊಳ್ಳುವಂತೆ ಅದನ್ನು ತಿದ್ದುವುದಾಗಿ ಕೇಂದ್ರ ಸರಕಾರ 2021ರಲ್ಲಿ ಕಿಗಾಲಿ ಒಪ್ಪಂದವನ್ನು ಅಂಗೀಕರಿಸುವಾಗ ಹೇಳಿತು. ಆದರೆ ಗಮನಿಸಬೇಕಾದ ಒಂದು ಅಂಶವಿದೆ. “ಯಾತಕ್ಕಾಗಿ ಕೊಳ್ಳುತ್ತೀ?” ಎಂಬುದು ಒಂದು ಪ್ರಶ್ನೆ; “ಇದನ್ನು ಬಳಸಲು ಬಲ್ಲೆಯಾ?” ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕಾಗದದ ಮೇಲಿದ್ದರೆ ಸಾಕು. ಎರಡನೆಯದಕ್ಕೆ ಉತ್ತರ ಬೆರಳುಗಳಲ್ಲಿ ಇರಬೇಕು.

ಕೆಲವು ಬೇಸಗೆಗಳ ಹಿಂದೆ ರಾಯಚೂರಿನಲ್ಲಿ ನಮ್ಮ ಬಂಧುಗಳ ಮನೆಯ ಏಸಿ ರಿಪೇರಿಗೆ ಬಂದಿದ್ದ ಯುವಕನೊಬ್ಬನನ್ನು ನಾನು ಮಾತಿಗೆ ಎಳೆದೆ. ವಯಸ್ಸು ಇಪ್ಪತ್ತೈದರ ಒಳಗೆ; ಕೆಲಸದಲ್ಲಿ ಚುರುಕು; ಮುಖದಲ್ಲಿ ಸೌಜನ್ಯ. ಸೋರುವ ಜಾಗವನ್ನು ಹುಡುಕದೆ ಅನಿಲ ತುಂಬಿಸುವುದು ಸರಿಯೇನಪ್ಪಾ ಎಂದು ಕೇಳಿದೆ. ಅವನು ತಲೆ ಎತ್ತದೆಯೇ ಹೇಳಿದ: “ಎಲ್ಲಿ ಸೋರ್ತದ ಅಂತ ಹುಡುಕಾಕ ಎರಡು ತಾಸು ಬೇಕ್ರೀ ಸರ. ಗ್ಯಾಸ್ ಹಾಕಾಕ ಅರ್ಧ ತಾಸು ಸಾಕು. ಮಂದಿ ಅರ್ಧ ತಾಸಿನ ಕೆಲಸಕ್ಕ ರೊಕ್ಕ ಕೊಡ್ತಾರ, ಎರಡು ತಾಸಿನ ಕೆಲಸಕ್ಕ ಬೈತಾರ.” ಎಲ್ಲಿ ಕಲಿತೆ ಎಂದೆ. “ಸಾಲಿ ಎಲ್ಲೀದ್ರೀ? ಮಾಮಾನ ಅಂಗಡ್ಯಾಗ ಪಾನಾ ಹಿಡದು ಕಲ್ತೀನಿ.” ಗ್ಯಾಸ್ ಕೊಳ್ಳಲು ಹೋದಾಗ ಅಂಗಡಿಯವರು ಏನು ಕೇಳುತ್ತಾರೆ? ಅವನು ನಕ್ಕ: “ಎಷ್ಟು ಕೆ.ಜಿ. ಅಂತ ಕೇಳ್ತಾರ್ರೀ.”

ಈ ಮೂರು ಉತ್ತರಗಳಲ್ಲಿ ಇಡೀ ಸಮಸ್ಯೆಯೇ ಅಡಗಿದೆಯೆಂದು ನನಗೆ ತೋರಿತು. ಹುಡುಗ ಸುಳ್ಳುಗಾರನಲ್ಲ, ಸೋಮಾರಿಯೂ ಅಲ್ಲ. ಸರಿಯಾದ ಕೆಲಸಕ್ಕೆ ಕೂಲಿ ಕೊಡದೆ ತಪ್ಪು ಕೆಲಸಕ್ಕೆ ಕೂಲಿ ಕೊಡುವ ಗಿರಾಕಿ ನಾವು. ವಿದ್ಯೆ ಕಲಿಸದೆ ವಿದ್ಯೆಯ ಫಲವನ್ನು ಬಯಸುವ ಸಮಾಜ ನಮ್ಮದು. ತೂಕವನ್ನು ಬಿಟ್ಟು ಬೇರೇನನ್ನೂ ಕೇಳದ ಅಂಗಡಿ ನಮ್ಮದು. ಸಾರಜನಕವನ್ನು ಒತ್ತಿ ತುಂಬಿ, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗವನ್ನು ಕಾಣುವುದು, ಬೆಸುಗೆ ಹಾಕುವುದು, ಕೊಳವೆಯೊಳಗಿನ ಗಾಳಿ ತೇವಗಳನ್ನು ನಿರ್ವಾತ ಪಂಪಿನಿಂದ ಎಳೆದು ತೆಗೆಯುವುದು, ಆಮೇಲೆ ತಕ್ಕಡಿಯ ಮೇಲಿಟ್ಟು ಗ್ರಾಮಿನ ಲೆಕ್ಕದಲ್ಲಿ ಅನಿಲ ತುಂಬುವುದು, ಇವಿಷ್ಟೂ ಸೇರಿದರೆ ಅದು ರಿಪೇರಿ. ಉಳಿದದ್ದು ವರ್ಷಾಂತಿಕ.

ಇಷ್ಟು ಹೇಳಿದ ಮೇಲೆ, ಅನಿಲ ಕೊಳ್ಳುವವನಿಗೆ ಪ್ರಮಾಣಪತ್ರ ಬೇಕು ಎಂಬ ನಿಯಮವನ್ನು ನಾನು ಬೆಂಬಲಿಸುತ್ತೇನೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಇದಕ್ಕೆ ಬರುವ ಆಕ್ಷೇಪಣೆಗಳು ತಳ್ಳಿಹಾಕುವಂಥವಲ್ಲ. ರಾಜಾಜಿಯವರು ಲೈಸೆನ್ಸ್-ಪರ್ಮಿಟ್ ರಾಜ್ ಎಂದು ಹೆಸರಿಟ್ಟು ಜರೆದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ಒಂದು ಕಾಗದ ಹುಟ್ಟಿತೆಂದರೆ ಅದನ್ನು ಕೊಡುವವನು, ತಡೆಯುವವನು, ಕೊಡಿಸುವೆನೆಂದು ನಡುವೆ ನಿಲ್ಲುವವನು, ಈ ಮೂವರೂ ಅದರೊಡನೆಯೇ ಹುಟ್ಟುತ್ತಾರೆ. ದೊಡ್ಡ ಸಂಸ್ಥೆಗಳ ನೌಕರರಿಗೆ ಪ್ರಮಾಣಪತ್ರ ಸುಲಭವಾಗಿ ದೊರೆತು, ಮಾಮನ ಅಂಗಡಿಯಲ್ಲಿ ಕಲಿತವನಿಗೆ ದೊರೆಯದೆ ಹೋದರೆ, ವಾತಾವರಣದ ರಕ್ಷಣೆಯ ಹೆಸರಿನಲ್ಲಿ ನಾವು ಬಡವನ ಅನ್ನವನ್ನು ಕಿತ್ತು ಉಳ್ಳವನ ಎಲೆಗೆ ಬಡಿಸಿದಂತಾಗುತ್ತದೆ. ಅವನು ಕೆಲಸ ಬಿಡುವುದಿಲ್ಲ, ಬಿಟ್ಟರೆ ಉಣ್ಣುವಂತಿಲ್ಲ. ಇನ್ನೊಬ್ಬನ ಹೆಸರಿನಲ್ಲಿ ಅನಿಲ ಕೊಳ್ಳುತ್ತಾನೆ, ಹೆಚ್ಚು ಬೆಲೆ ತೆರುತ್ತಾನೆ, ಕೊನೆಗೆ ಹೆಸರಿಲ್ಲದ ಸಿಲಿಂಡರನ್ನೂ ಕೊಳ್ಳುತ್ತಾನೆ.

ಹೆಸರಿಲ್ಲದ ಸಿಲಿಂಡರು ಎಷ್ಟು ಅಪಾಯವೆಂಬುದನ್ನು ಜಗತ್ತು 2011ರಲ್ಲಿ ಕಂಡಿತು. ಹಡಗಿನಲ್ಲಿ ಸಾಗುವ ಶೈತ್ಯಪೆಟ್ಟಿಗೆಗಳಿಗೆ ಆರ್-134ಎ ಎಂದು ತುಂಬಿದ್ದರಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಮಿಡ್ಜ್ಲಿಯ ಕಾಲದಲ್ಲಿಯೇ ಮನೆಯಿಂದ ಹೊರಹಾಕಬೇಕೆಂದಿದ್ದ ಅದೇ ಹಳೆಯ ಅನಿಲ. ಅದು ಯಂತ್ರದ ಅಲ್ಯೂಮಿನಿಯಮ್ಮಿನೊಡನೆ ಸೇರಿ, ಗಾಳಿ ಸೋಕಿದೊಡನೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗಿ ಮಾರ್ಪಟ್ಟಿತು. ಪೆಟ್ಟಿಗೆಗಳು ಸಿಡಿದವು, ಮೂವರು ಕೆಲಸಗಾರರು ಪ್ರಾಣ ಕಳೆದುಕೊಂಡರು. ಕಲಬೆರಕೆಯ ಹಾಲು ಕುಡಿದವನನ್ನು ಕೊಲ್ಲುವುದು ಅಪರೂಪ. ಕಲಬೆರಕೆಯ ಶೀತಕ ಮುಟ್ಟಿದವನನ್ನೇ ಮೊದಲು ಕೊಲ್ಲುತ್ತದೆ. ಕಲಬೆರಕೆಯಿಲ್ಲದಿದ್ದರೂ ಇಂದಿನ ಅನಿಲಗಳು ಆರ್-22ರಷ್ಟು ಸಾಧುವಲ್ಲ. ಆರ್-32 ಮೆಲ್ಲಗೆ ಹೊತ್ತಿಕೊಳ್ಳಬಲ್ಲದು. ಅದರ ಒತ್ತಡವೂ ಆರ್-22ಕ್ಕಿಂತ ಬಹಳ ಹೆಚ್ಚು. 2012ರಿಂದ ನಮ್ಮ ದೇಶದಲ್ಲಿಯೇ ಗೋದ್ರೆಜ್ ಸಂಸ್ಥೆಯವರು ಬಳಸುತ್ತಿರುವ ಆರ್-290 ಎಂದರೆ ಪ್ರೊಪೇನ್. ಅಡುಗೆ ಅನಿಲದ ಸ್ವಂತ ಸಂಬಂಧಿ. ಭೂಮಿಗೆ ಅದರಿಂದ ಆಗುವ ತಾಪ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಬೆಂಕಿಯ ವಿಷಯದಲ್ಲಿ ಅದು ಎಚ್ಚರವನ್ನು ಬೇಡುತ್ತದೆ. ಹಾಗಾಗಿ ಭೂಮಿಗೆ ಹಿತವಾದ ಅನಿಲದ ಕಡೆಗೆ ನಾವು ಹೋದಷ್ಟೂ ಅದನ್ನು ಮುಟ್ಟುವವನ ವಿದ್ಯೆ ಹೆಚ್ಚಬೇಕಾಗುತ್ತದೆ. ಪ್ರಮಾಣಪತ್ರ ಆಕಾಶವನ್ನು ಕಾಯುವುದಕ್ಕೆ ಮುಂಚೆ ಆ ಹುಡುಗನ ಪ್ರಾಣವನ್ನು ಕಾಯುತ್ತದೆ. ಅದನ್ನು ಅವನ ಮೇಲೆ ಹೇರಿದ ದಂಡವೆಂದು ಎಣಿಸದೆ ಅವನಿಗೆ ಸಲ್ಲಬೇಕಾದ ಹಕ್ಕೆಂದು ಎಣಿಸುವುದು ಉಚಿತ.

ಹಕ್ಕೆಂದ ಮೇಲೆ ಅದನ್ನು ಸಲ್ಲಿಸುವ ಹೊಣೆ ಸರಕಾರದ್ದು. 2019ರಲ್ಲಿ ಹೊರಬಂದ ಭಾರತದ ಶೈತ್ಯ ಕಾರ್ಯಯೋಜನೆ 2022-23ರ ಒಳಗೆ ಒಂದು ಲಕ್ಷ ರಿಪೇರಿ ಕೆಲಸಗಾರರಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡಬೇಕೆಂದು ಗುರಿಯಿಟ್ಟಿತು. ಗುರಿ ಒಳ್ಳೆಯದೇ. ನಮ್ಮ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಈ ಕಸುಬಿಗೆ ಎರಡು ವರ್ಷದ ಪಾಠಕ್ರಮವೂ ಇದೆ. ಆದರೆ ಆಗಲೇ ಸಂಸಾರ ಹೂಡಿ ದಿನಗೂಲಿಯ ಮೇಲೆ ನಿಂತವನು ಎರಡು ವರ್ಷ ಬೆಂಚಿನ ಮೇಲೆ ಕೂಡುವುದು ಆಗದ ಮಾತು. ಅವನಿಗೆ ಬೇಕಾದದ್ದು ಬೇರೆ ಬಗೆಯ ಶಾಲೆ. ಈ ಕಸುಬಿನಲ್ಲಿ ಆಷಾಢ ಶ್ರಾವಣಗಳು ಬಿಡುವಿನ ತಿಂಗಳುಗಳು. ಮಳೆ ಬಿದ್ದು ಊರು ತಂಪಾದಾಗ ಯಾರೂ ಮೆಕ್ಯಾನಿಕ್ಕನ್ನು ನೆನೆಯುವುದಿಲ್ಲ. ತರಬೇತಿಯ ಬಂಡಿ ಆಗ ತಾಲ್ಲೂಕು ತಾಲ್ಲೂಕಿಗೆ ಹೋಗಲಿ. ಕೆಲವು ದಿನಗಳ ಪಾಠಕ್ಕೆ ಆ ದಿನಗಳ ಕೂಲಿಯನ್ನೂ ಸೇರಿಸಿ ಕೊಡಲಿ. ಪರೀಕ್ಷೆ ಅವನು ಆಡುವ ಭಾಷೆಯಲ್ಲಿರಲಿ: ಕನ್ನಡದವನಿಗೆ ಕನ್ನಡ, ಉರ್ದುವಿನವನಿಗೆ ಉರ್ದು. ಬರೆಯುವುದಕ್ಕಿಂತ ಹೆಚ್ಚಾಗಿ ಮಾಡಿ ತೋರಿಸುವ ಪರೀಕ್ಷೆಯಾಗಲಿ. ಪ್ರಮಾಣಪತ್ರ ಅಂಗಡಿಯ ಹೆಸರಿನಲ್ಲಿರದೆ ಅವನ ಹೆಸರಿನಲ್ಲಿರಲಿ. ಯಜಮಾನ ಬದಲಾದರೂ ವಿದ್ಯೆ ಅವನೊಡನೆ ಹೋಗಲಿ. ಅಮೆರಿಕದವರು ಮಾಡಿದಂತೆ ಅವಧಿಯಿಲ್ಲದ ಪತ್ರವಾಗಲಿ. ನವೀಕರಣದ ಹೆಸರಿನಲ್ಲಿ ವರ್ಷವರ್ಷವೂ ಲಂಚಕ್ಕೆ ಬಾಗಿಲು ತೆರೆಯದಿರಲಿ.

ಇಷ್ಟನ್ನು ಮಾಡಿದ ಮೇಲೆ, ಮತ್ತು ಮಾಡಿದ ಮೇಲೆ ಮಾತ್ರ, ಅಂಗಡಿಯವನಿಗೆ ಆಜ್ಞೆ ಹೋಗಲಿ: ಪತ್ರ ತೋರಿಸದವನಿಗೆ ಅನಿಲ ಮಾರಬೇಡ. ಔಷಧದಂಗಡಿಯವನು ವೈದ್ಯರ ಚೀಟಿ ಕೇಳಿದರೆ ನಾವು ಸ್ವಾತಂತ್ರ್ಯ ಹೋಯಿತೆಂದು ಗೋಳಾಡುವುದಿಲ್ಲ. ಇದೂ ಹಾಗೆಯೇ. ಸಿಲಿಂಡರಿಗೆ ಠೇವಣಿಯಿರಲಿ, ಅಡುಗೆ ಅನಿಲದ ಸಿಲಿಂಡರನ್ನು ಠೇವಣಿ ಇಟ್ಟು ತಂದು ಖಾಲಿಯಾದಾಗ ಹಿಂದಿರುಗಿಸುವ ಪದ್ಧತಿ ನಮ್ಮ ಹಳ್ಳಿಯ ಹೆಂಗಸರಿಗೂ ಗೊತ್ತು. ಹಳೆಯ ಯಂತ್ರ ಕಳಚುವಾಗ ಅದರಲ್ಲಿರುವ ಅನಿಲವನ್ನು ಗಾಳಿಗೆ ಬಿಡದೆ ಹಿಡಿದು ತಂದವನಿಗೆ ಆ ಸಿಲಿಂಡರಿನ ತೂಕಕ್ಕೆ ಬೆಲೆ ಕಟ್ಟಿ ಕೊಡಲಿ. ಬಿಡುವುದಕ್ಕಿಂತ ಹಿಡಿಯುವುದರಲ್ಲಿ ಲಾಭವಿದೆಯೆಂದು ತಿಳಿದರೆ ಯಾವ ಇನ್‌ಸ್ಪೆಕ್ಟರೂ ಬೇಕಾಗುವುದಿಲ್ಲ.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ತಣ್ಣಗೆ ಕೂಡುವುದೂ ಸಲ್ಲದು. ಎರಡು ತಾಸಿನ ಕೆಲಸಕ್ಕೆ ಬೈಯುವ ಗಿರಾಕಿ ಇರುವ ತನಕ ಯಾವ ಶಾಸನವೂ ಮನೆಯ ಹೊಸ್ತಿಲು ದಾಟಲಾರದು. “ಗ್ಯಾಸ್ ತುಂಬಿಸು” ಎಂಬ ಮಾತನ್ನು ಬಿಟ್ಟು “ಎಲ್ಲಿ ಸೋರುತ್ತಿದೆ ನೋಡು” ಎಂದು ನಾವು ಹೇಳತೊಡಗಿದರೆ, ಆ ಕೆಲಸಕ್ಕೆ ಬೇರೆಯಾಗಿ ಕೂಲಿ ಕೊಟ್ಟರೆ, ಅರ್ಧ ಸುಧಾರಣೆ ಆದಂತೆಯೇ. ಮನೆಯೊಡೆಯನ ಕಿಸೆಗೂ ಅದೇ ಹಿತ; ಒಮ್ಮೆ ಸರಿಯಾಗಿ ಮುಚ್ಚಿದ ಕೊಳವೆ ಪ್ರತಿವರ್ಷದ ತುಂಬಿಕೆಯ ಖರ್ಚನ್ನು ಉಳಿಸುತ್ತದೆ. ಅನಿಲ ಕಡಿಮೆಯಿರುವ ಯಂತ್ರ ಹೆಚ್ಚು ಹೊತ್ತು ಓಡಿ ಹೆಚ್ಚು ವಿದ್ಯುತ್ತನ್ನು ತಿನ್ನುವುದೂ ತಪ್ಪುತ್ತದೆ.

ಇದರಲ್ಲಿ ಇನ್ನೂ ಒಂದು ನ್ಯಾಯದ ಮಾತಿದೆ. ಬೆಂಗಳೂರಿಗೆ ಬೀಸಣಿಗೆಯೂ ಬೇಡವೆಂದು ಹೆಮ್ಮೆಪಡುತ್ತಿದ್ದವರು ಇಂದಿಗೂ ಇದ್ದಾರೆ. 2016ರ ಏಪ್ರಿಲ್ 24ರಂದು ಅದೇ ಊರಿನಲ್ಲಿ ಬಿಸಿಲು 39.2 ಡಿಗ್ರಿಗೆ ಏರಿತು. ರಾಯಚೂರು, ಕಲಬುರಗಿಗಳ ಮಾತು ಹೇಳುವುದೇ ಬೇಡ. ಇಂಥ ಸೆಕೆಯಲ್ಲಿ ಮುದುಕರಿಗೆ, ರೋಗಿಗಳಿಗೆ, ಮಕ್ಕಳಿಗೆ ತಂಪು ಬೇಕೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಏಸಿಯನ್ನು ಭೋಗವೆಂದು ಹಳಿಯುವ ಕಾಲ ಹೋಯಿತು. ಆದರೆ 2019ರ ಆ ಕಾರ್ಯಯೋಜನೆಯ ಪ್ರಕಾರ ಆಗ ನಮ್ಮ ದೇಶದಲ್ಲಿ ಏಸಿಯಿದ್ದದ್ದು ನೂರರಲ್ಲಿ ಸುಮಾರು 8 ಮನೆಗಳಿಗೆ. ಆ ಎಂಟು ಮನೆಗಳ ಕೊಳವೆಯಿಂದ ಸೋರಿದ್ದು ಉಳಿದ ತೊಂಬತ್ತೆರಡು ಮನೆಗಳ ಮಾಡಿನ ಮೇಲೂ ಕಂಬಳಿ ಹೊದೆಸುತ್ತದೆ. ತಗಡಿನ ಮಾಡಿನ ಕೆಳಗೆ ಮಲಗುವವನಿಗೆ ನಮ್ಮ ತಂಪಿನಲ್ಲಿ ಪಾಲಿಲ್ಲ. ನಮ್ಮ ಸೋರಿಕೆಯಲ್ಲಿ ಮಾತ್ರ ಪಾಲಿದೆ. ಅಂಗಡಿಯಲ್ಲಿ ಅನಿಲ ಕೊಳ್ಳುವುದು ಕೊಳ್ಳುವವನ ಮತ್ತು ಮಾರುವವನ ಖಾಸಗಿ ವ್ಯವಹಾರವೆಂಬ ವಾದ ಇಲ್ಲಿಯೇ ಮುರಿದುಬೀಳುತ್ತದೆ. ಮೂರನೆಯವನಿಗೆ ಕೆಡುಕಾಗುವ ವ್ಯವಹಾರದಲ್ಲಿ ಆ ಮೂರನೆಯವನ ಪರವಾಗಿ ನಿಲ್ಲುವುದಕ್ಕೆ ಅಲ್ಲವೇ ಸರಕಾರವೆಂಬುದು ಇರುವುದು?

ಕಾಲ ಬಹಳವಿಲ್ಲ. 2028ರ ಮಿತಿ ಕೈಗೆಟುಕುವ ದೂರದಲ್ಲಿದೆ. ಮಿತಿ ಬಿಗಿಯಾದಾಗ ಅನಿಲದ ಬೆಲೆ ಏರುವುದು. ಬೆಲೆ ಏರಿದಾಗ ಕಳ್ಳಮಾಲೂ ಕಲಬೆರಕೆಯೂ ಬರುವುದು. ಬಂದಾಗ ಅದರ ಮೊದಲ ಪೆಟ್ಟು ಸಜ್ಜದ ಮೇಲೆ ಕುಳಿತವನಿಗೆ ಬೀಳುವುದು. ಅಷ್ಟರೊಳಗೆ ಅವನಿಗೆ ವಿದ್ಯೆಯನ್ನೂ ಮುದ್ರೆಯನ್ನೂ ಕೊಟ್ಟಿದ್ದರೆ ಶಾಸನ ಅವನ ಕೈಯಲ್ಲಿ ಆಯುಧವಾಗುತ್ತದೆ. “ಸರಿಯಾಗಿ ಮಾಡುವುದಾದರೆ ಇಷ್ಟು ಕೂಲಿ, ಇಲ್ಲವಾದರೆ ನನ್ನಿಂದ ಆಗದು” ಎಂದು ಗಿರಾಕಿಯ ಮುಂದೆ ನಿಂತು ಹೇಳುವ ಧೈರ್ಯ ಅವನಿಗೆ ಬರುತ್ತದೆ. ಕೊಡದೆ ಹೋದರೆ ಅದೇ ಶಾಸನ ಅವನ ಕೊರಳಿಗೆ ಉರುಳಾಗುತ್ತದೆ. ಯಾವುದಾಗಬೇಕೆಂಬುದು ಶಾಸನದ ಅಕ್ಷರಗಳಿಗಿಂತ ಹೆಚ್ಚಾಗಿ ನಾವು ಯಾವುದನ್ನು ಮೊದಲು ಮಾಡುತ್ತೇವೆಂಬುದರ ಮೇಲೆ ನಿಂತಿದೆ. ಮೊದಲು ಕಲಿಸೋಣ, ಆಮೇಲೆ ಕೇಳೋಣ.